‘ಸೀಡ್ಲಿಂಗ್ ಕಟ್’ ಕಪ್ಪು ಪೈನ್ ಅಂತ ಮಾರ್ತಾರೆ, ದುಡ್ಡು ಹಾಕುವ ಮೊದಲು ಬೇರಿನ ಫೋಟೊ ಕೇಳಿ

ಬೋನ್ಸಾಯ್ ಮಾಡಲು ಜಪಾನೀ ಕಪ್ಪು ಪೈನ್ ಸಸಿಗಳನ್ನು ಆನ್‌ಲೈನ್‌ನಲ್ಲಿ ತರಿಸುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಸೀಡ್ಲಿಂಗ್ ಕಟ್ ಅಂದರೆ ಎಳೆ ಸಸಿಯ ತಾಯಿಬೇರು ಕತ್ತರಿಸಿ, ಸುತ್ತಲೂ ಹೊಸ ಬೇರು ಬರಿಸುವುದು. ‘ಎರಡು ವರ್ಷದ ಸಸಿ, ಸೀಡ್ಲಿಂಗ್ ಕಟ್ ಮಾಡಿದ್ದು, ಸುತ್ತಲೂ ಬೇರು ಬಿಟ್ಟಿದೆ’ ಅಂತ ಬರೆದು ನನಗೆ ಮಾರಿದ ಸಸಿಗಳು ಸೀಡ್ಲಿಂಗ್ ಕಟ್ಟೂ ಅಲ್ಲ, ಕಪ್ಪು ಪೈನೂ ಅಲ್ಲ. ಜೊತೆಗೆ ಬಂದ ಬೀಜದ ಪ್ಯಾಕೆಟ್ ಕೂಡ ಪೊಳ್ಳು. ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ, ಆದರೂ ಹೇಳಲೇಬೇಕು. ಅದೇ ಜಾಹೀರಾತು ಇನ್ನೂ ಓಡ್ತಾ ಇದೆ.

ಸೀಡ್ಲಿಂಗ್ ಕಟ್‌ಗೆ ನಾವು ಹೆಚ್ಚು ದುಡ್ಡು ಕೊಡುವುದು ಅದರ ಹಿಂದಿರುವ ಕೆಲಸಕ್ಕೆ. ಮೊಳಕೆ ಬಂದು ಆರರಿಂದ ಎಂಟು ವಾರ ಆಗಿರಬೇಕು. ಕಾಂಡ ಇನ್ನೂ ಎಳೆಯದಾಗಿ, ಬೀಜದೆಲೆಗಳ ನಡುವೆ ನಿಜವಾದ ಎಲೆ ಆಗಷ್ಟೇ ಇಣುಕುತ್ತಿರಬೇಕು. ಆಗ ಹೊಸ ಬ್ಲೇಡಿನಿಂದ ಬೀಜದೆಲೆಯ ಕೆಳಗೆ ಕತ್ತರಿಸಿ, ತಾಯಿಬೇರನ್ನು ಪೂರ್ತಿ ತೆಗೆದು, ಕತ್ತರಿಸಿದ ತುದಿಗೆ ರೂಟಿಂಗ್ ಹಾರ್ಮೋನ್ (ಬೇರು ಬರಿಸುವ ಔಷಧ) ಹಚ್ಚಿ, ಒದ್ದೆ ಮಾಡಿದ ಸಣ್ಣ ಪ್ಯೂಮಿಸ್‌ನಲ್ಲಿ (ಹಗುರವಾದ ಜ್ವಾಲಾಮುಖಿ ಕಲ್ಲಿನ ಹರಳು) ನೆಡಬೇಕು. ನೆರಳು, ತೇವದ ಗಾಳಿ, ತಾಳ್ಮೆ. ಒಂದೆರಡು ತಿಂಗಳಲ್ಲಿ ಕತ್ತರಿಸಿದ ತುದಿಯ ಸುತ್ತ ಒಂದೇ ಮಟ್ಟದಲ್ಲಿ ಬೇರು ಬರುತ್ತೆ. ಮುಂದೆ ನೆಬಾರಿ, ಅಂದರೆ ಬುಡದ ಸುತ್ತ ಮಣ್ಣಿನ ಮೇಲೆ ಕಾಣುವ ಬೇರು, ಆಗುವುದು ಇದೇ. ಈ ಹಂತದಲ್ಲಿ ಒಂದಷ್ಟು ಸಸಿ ಕೊಳೆತು ಹೋಗುವುದೂ ಸಹಜ, ಅದಕ್ಕೇ ಬೆಲೆ ಜಾಸ್ತಿ. ಅದನ್ನು ಯಾರೂ ಪ್ರಶ್ನಿಸಲ್ಲ. ಮಾಡದೇ ಇರುವ ಕೆಲಸಕ್ಕೆ ದುಡ್ಡು ತಗೊಂಡರೆ?

ಕುಂಡದಿಂದ ಸಸಿ ಎತ್ತಿ ಮಣ್ಣು ಉದುರಿಸಿದಾಗ ಕಂಡದ್ದು ಒಂದೇ ಒಂದು ದಪ್ಪ ಬೇರು. ನೇರ ಕೆಳಗಿಳಿದು, ತಳಕ್ಕೆ ತಾಗಿ, ಕುಂಡದ ಒಳಗೇ ಎರಡು ಸುತ್ತು ಸುತ್ತಿಕೊಂಡಿದೆ. ಪಕ್ಕದಲ್ಲಿ ನಾಲ್ಕೈದು ಕೂದಲು ಬೇರು. ಕಾಂಡ ಬುಡದಿಂದ ಬೆರಳುದ್ದ ಬೋಳು, ಕಡ್ಡಿಯ ಹಾಗೆ ನೆಟ್ಟಗೆ. ಕತ್ತರಿಸಿದ ಸಸಿಯಲ್ಲಿ ಮೊದಲ ಎಲೆಗಳು ಬೇರಿಗೆ ಹತ್ತಿರ ಇರುತ್ತವೆ. ಪೈನ್‌ನಲ್ಲಿ ಎಲೆ ಇಲ್ಲದ ಹಳೆಯ ಕಾಂಡದಿಂದ ಹೊಸ ಚಿಗುರು ಬರುವುದನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಇಷ್ಟು ಬೋಳು ಕಾಂಡದಲ್ಲಿ ಮೊದಲ ಕೊಂಬೆ ಬೇಕಾದ ಕಡೆ ಬರುವುದೇ ಇಲ್ಲ.

ಆಮೇಲೆ ಎಲೆ ನೋಡಿದೆ. ಬುಡದ ಪೊರೆಯಿಂದ ಒಂದು ಗೊಂಚಲು ಕಿತ್ತು ಬಿಡಿಸಿದರೆ ಮೂರು ಎಲೆ. ಇನ್ನೊಂದು ಕಿತ್ತರೆ ಮೂರು. ಇಡೀ ಸಸಿಯಲ್ಲಿ ಮೂರು ಮೂರೇ! ಉದ್ದ, ಮೆತ್ತಗೆ, ಜೋತು ಬಿದ್ದಿವೆ. ಕಪ್ಪು ಪೈನ್‌ಗೆ ಜೋಡಿ ಎಲೆ. ಚುರುಕಾಗಿ ಬೆಳೆಯುವ ಚಿಗುರಲ್ಲಿ ಎಲ್ಲೋ ಒಂದು ಗೊಂಚಲು ಮೂರರದ್ದು ಬಂದರೆ ಬರಲಿ, ಪ್ರತಿಯೊಂದರಲ್ಲೂ ಮೂರು ಅಂದರೆ ಅದು ಬೇರೆ ಜಾತಿ. ಆ ಕ್ಷಣಕ್ಕೆ ಮೈಯೆಲ್ಲ ಉರಿದು ಹೋಯ್ತು.

ಮಾರಿದವರಿಗೆ ಫೋಟೊ ಕಳಿಸಿದ್ದಕ್ಕೆ ಬಂದ ಉತ್ತರ: ‘ಸರ್, ಎಳೆ ಸಸಿಯಲ್ಲಿ ಹಾಗೇ ಇರುತ್ತೆ, ದೊಡ್ಡದಾದ ಮೇಲೆ ಎರಡಾಗುತ್ತೆ.’ ಶುದ್ಧ ಸುಳ್ಳು. ಎಳೆ ಸಸಿಯಲ್ಲಿ ಮೊದಲು ಬರುವುದು ಒಂಟಿ ಎಲೆ, ಆಮೇಲೆ ಜೋಡಿ. ಮೂರು ಇದ್ದದ್ದು ಎರಡಕ್ಕೆ ಇಳಿಯಲ್ಲ. ಅದನ್ನು ಬರೆದರೆ, ‘ನೀರು ಜಾಸ್ತಿ ಹಾಕಿರ್ತೀರಿ.’ ನೀರಿಗೂ ಎಲೆಯ ಲೆಕ್ಕಕ್ಕೂ ಏನು ಸಂಬಂಧ? ಬೇರಿನ ಫೋಟೊ ಕಳಿಸಿದರೆ, ‘ತಾಯಿಬೇರು ನೀವೇ ಕಟ್ ಮಾಡಿಕೊಳ್ಳಿ ಸರ್, ಐದು ನಿಮಿಷದ ಕೆಲಸ.’ ದಪ್ಪವಾಗಿ ಸುತ್ತಿಕೊಂಡ ಬೇರನ್ನು ಈಗ ಕತ್ತರಿಸಿದರೆ ಸಸಿಗೆ ಉಳಿಯುವುದು ಆ ನಾಲ್ಕು ಕೂದಲು ಬೇರು ಮಾತ್ರ. ಬಿಸಿಲುಗಾಲದಲ್ಲಿ ಮಾಡಿದರೆ ಸಸಿ ಸತ್ತೇ ಹೋಗುತ್ತೆ. ಚಳಿಗಾಲ ಮುಗಿಯುವಾಗ, ಕ್ಯಾಂಡಲ್ (ಮೇಣದಬತ್ತಿಯ ಹಾಗೆ ನೆಟ್ಟಗೆ ಬರುವ ಪೈನ್‌ನ ಹೊಸ ಚಿಗುರು) ಉದ್ದವಾಗುವ ಮುಂಚೆ ಮಾಡಬೇಕು. ಮಾಡಿದರೂ ಒಂದು ವರ್ಷದ ಬೆಳವಣಿಗೆ ಹೋಯ್ತು. ಅಷ್ಟಕ್ಕೂ ಬೇರು ಸರಿ ಮಾಡಿದರೆ ಜಾತಿ ಬದಲಾಗುತ್ತಾ?

ಜಾತಿ ಯಾಕೆ ಇಷ್ಟು ಮುಖ್ಯ ಅಂದರೆ, ಬಲಿತ ಕಪ್ಪು ಪೈನ್‌ನ ಕ್ಯಾಂಡಲ್ ಬೇಸಿಗೆಯಲ್ಲಿ ಕತ್ತರಿಸಿದರೆ ಅದೇ ವರ್ಷ ಎರಡನೇ ಚಿಗುರು ಬರುತ್ತೆ, ಎಲೆ ಗಿಡ್ಡ ಆಗುತ್ತೆ. ಈ ಮರದ ಬೋನ್ಸಾಯ್ ನಿಂತಿರುವುದೇ ಇದರ ಮೇಲೆ. ಯಾವುದೋ ಮೂರೆಲೆ ಪೈನ್‌ಗೆ ಹತ್ತು ವರ್ಷ ಇದನ್ನೇ ನೆಚ್ಚಿಕೊಂಡು ದುಡಿದವರ ಗತಿ ಏನು? ಹತ್ತು ವರ್ಷ!

ಬೀಜದ ವಿಷಯ ಬೇಗ ಮುಗಿಸ್ತೇನೆ. ಪ್ಯಾಕೆಟ್ ಮೇಲೆ ‘ನೂರಕ್ಕೆ ನೂರು ಮೊಳಕೆ’ ಅಂತ ಇದೆ, ಕೊಯ್ಲಿನ ವರ್ಷ ಇಲ್ಲ. 24 ಗಂಟೆ ನೆನೆಸಿದ ಮೇಲೂ ಬಹುಪಾಲು ತೇಲ್ತಾನೇ ಇದ್ದವು. ಬ್ಲೇಡಿನಿಂದ ಸೀಳಿದರೆ ಒಳಗೆ ಬಿಳಿ ತಿರುಳಿನ ಬದಲು ಕಂದು ಪುಡಿ, ಕೆಲವದರಲ್ಲಿ ಅದೂ ಇಲ್ಲ. ಉತ್ತರ: ‘ಫ್ರಿಜ್‌ನಲ್ಲಿ ಇನ್ನೂ ಎರಡು ತಿಂಗಳು ಇಡಿ ಸರ್.’ ಒದ್ದೆ ಮರಳಿನಲ್ಲಿ ನಾಲ್ಕು ಡಿಗ್ರಿ ಆಸುಪಾಸಿನಲ್ಲಿ 30ರಿಂದ 60 ದಿನ ಇಡುವುದು ಒಳ್ಳೆಯದೇ, ಮೊಳಕೆ ಒಟ್ಟಿಗೆ ಬರುತ್ತೆ. ಆದರೆ ಸತ್ತ ಬೀಜಕ್ಕೆ ಫ್ರಿಜ್ ಜೀವ ಕೊಡಲ್ಲ.

ಕೊಳ್ಳುವವರು ಇಷ್ಟು ಮಾಡಿ. ಮಣ್ಣು ತೊಳೆದ ಬೇರಿನ ಫೋಟೊ ಕೇಳಿ, ಅದೂ ನಿಮಗೆ ಕಳಿಸುವ ಸಸಿಯದ್ದೇ, ಪಕ್ಕದಲ್ಲಿ ಅಂದಿನ ದಿನಾಂಕ ಬರೆದ ಚೀಟಿ ಇಟ್ಟು. ಒಂದು ಗೊಂಚಲು ಬಿಡಿಸಿ ತೋರಿಸಲು ಹೇಳಿ. ಜೋಡಿ ಎಲೆ ಇದ್ದರೂ ಸಾಲದು, ಜಪಾನೀ ಕೆಂಪು ಪೈನ್‌ಗೂ ಎಲೆ ಎರಡೇ. ಮೊಗ್ಗು ನೋಡಿ: ಕಪ್ಪು ಪೈನ್‌ಗೆ ಬೂದು ಬಿಳಿ, ಕೆಂಪಿಗೆ ಕೆಂಗಂದು. ಕಪ್ಪಿನ ಎಲೆ ಗಡುಸು, ಅಂಗೈಯಿಂದ ಒತ್ತಿದರೆ ಚುಚ್ಚುತ್ತೆ. ಬೀಜಕ್ಕೆ ಕೊಯ್ಲಿನ ವರ್ಷ, ಎಲ್ಲಿ ಹೇಗೆ ಇಟ್ಟಿದ್ದರು ಎರಡನ್ನೂ ಕೇಳಿ. ಹೇಳದಿದ್ದರೆ ಬಿಟ್ಟುಬಿಡಿ.

ಪಾರ್ಸೆಲ್ ಬಿಚ್ಚುವಾಗ ಮೊದಲ ಟೇಪ್ ಕತ್ತರಿಸುವುದರಿಂದ ವಿಡಿಯೊ ಮಾಡಿ, ನಿಲ್ಲಿಸದೆ ಬೇರು ಬಿಡಿಸುವ ತನಕ ಮಾಡಿ. ದುಡ್ಡು ವಾಪಸ್ ಕೇಳಿದ್ದಕ್ಕೆ ಇವರ ಕೊನೆಯ ಮೆಸೇಜು ಇದು: ‘ಮಣ್ಣು ಬಿಡಿಸಿದ ಸಸಿಗೆ ರಿಟರ್ನ್ ಇಲ್ಲ ಸರ್. ಮೊದಲು ಐದು ಸ್ಟಾರ್ ಕೊಡಿ, ಆಮೇಲೆ ಬೇರೆ ಸಸಿ ಕಳಿಸೋದು ನೋಡೋಣ.’ ಸ್ಟಾರ್ ಕೊಡಲಿಲ್ಲ. ಅವತ್ತೇ ಬ್ಲಾಕ್ ಮಾಡಿದ್ದಾರೆ.