ಎರಡು ವರ್ಷದ ಸ್ಟ್ಯಾಟಿಕ್ ಐಪಿ: ಶನಿವಾರದ ಆಟಕ್ಕೆ ಕೊಟ್ಟ ದುಡ್ಡು ಸಾರ್ಥಕವೇ?

ಶನಿವಾರ ರಾತ್ರಿ ಊಟ ಆದ ಮೇಲೆ ಟಿವಿ ಸ್ಟ್ಯಾಂಡಿನ ಕೆಳಗಿರುವ ಹಳೇ ಲ್ಯಾಪ್‌ಟಾಪ್ ಆನ್ ಮಾಡುತ್ತೇನೆ. ಮೈನ್‌ಕ್ರಾಫ್ಟ್ ಆಟದ ಸರ್ವರ್, ಅಂದರೆ ಎಲ್ಲರೂ ಬಂದು ಸೇರುವ ಪ್ರೋಗ್ರಾಂ, ಶುರುವಾಗಲು ಅರ್ಧ ನಿಮಿಷ ಬೇಕು. ಕಪ್ಪು ಪರದೆಯಲ್ಲಿ ಸಾಲುಗಳು ಓಡುತ್ತವೆ, ಕೊನೆಗೆ 'ಡನ್' ಅಂತ ಬರುತ್ತದೆ. ಅಷ್ಟು ಹೊತ್ತಿಗೆ ಹಾಸನದಿಂದ ಅಕ್ಕನ ಮಗನ ಫೋನ್: "ಮಾಮ, ಆನ್ ಮಾಡಿದ್ಯಾ?" ಐದು ನಿಮಿಷಕ್ಕೆ ಧಾರವಾಡದಿಂದ ತಮ್ಮನೂ ಸೇರುತ್ತಾನೆ. ಹನ್ನೊಂದರವರೆಗೆ ಮೂವರೂ ಒಂದೇ ಜಗತ್ತಿನಲ್ಲಿ ಮನೆ ಕಟ್ಟುತ್ತಾ, ಊರ ಸುದ್ದಿ ಮಾತಾಡುತ್ತಾ ಇರುತ್ತೇವೆ. ಎರಡು ವರ್ಷದಿಂದ ಇದು ನಡೆಯುತ್ತಿದೆ. ಈ ವಿಮರ್ಶೆ ಬರೆಯಲು ಅದೇ ಕಾರಣ.

ನಮ್ಮದು ವಿಜಯನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ರೂಟರ್ ಸಾಧಾರಣದ್ದು, ಯಾವ ಅಂಗಡಿಯಲ್ಲೂ ಸಿಗುವಂಥದ್ದು. ಅದರ ವೇಗ, ಆಂಟೆನಾಗಳ ಲೆಕ್ಕ ಡಬ್ಬದ ಮೇಲೇ ಇರುತ್ತೆ ಅಲ್ವಾ, ಬಿಡಿ. ನಾನು ಹೇಳಬೇಕಾದದ್ದು ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬರುವವರನ್ನು ರೂಟರ್ ಮನೆಯೊಳಗಿನ ಒಂದು ಕಂಪ್ಯೂಟರಿಗೆ ಕಳಿಸುವಂತೆ ಮಾಡುವುದು) ಬಗ್ಗೆ, ಮತ್ತು ಅದಕ್ಕಾಗಿ ತಿಂಗಳಿಗೆ 250 ರೂಪಾಯಿ, ಜಿಎಸ್‌ಟಿ ಸೇರಿ 295 ಕೊಟ್ಟು ತೆಗೆದುಕೊಂಡ ಸ್ಟ್ಯಾಟಿಕ್ ಐಪಿ, ಅಂದರೆ ನಮ್ಮ ಮನೆಗೇ ಮೀಸಲಾದ, ಬದಲಾಗದ ಇಂಟರ್ನೆಟ್ ವಿಳಾಸದ ಬಗ್ಗೆ.

ರೂಟರ್ ಒಳಗಿನ ಕೆಲಸ ಹತ್ತು ನಿಮಿಷದ್ದು. ಮೊದಲು ಲ್ಯಾಪ್‌ಟಾಪಿಗೆ ಮನೆಯೊಳಗಿನ ವಿಳಾಸ ಒಂದನ್ನು ಕಾಯಂ ಮಾಡಬೇಕು. ರೂಟರಿನಲ್ಲಿ ಇದಕ್ಕೆ ಡಿಎಚ್‌ಸಿಪಿ ರಿಸರ್ವೇಷನ್ ಅಂತ ಪುಟ ಇರುತ್ತದೆ, ನಾನು ಅಲ್ಲಿ 192.168.0.50 ಕೊಟ್ಟೆ. ಇದನ್ನು ಬಿಟ್ಟರೆ ಕರೆಂಟ್ ಹೋಗಿ ಬಂದಾಗ ವಿಳಾಸ ಬದಲಾಗಬಹುದು, ಆಗ ನೀವು ಹಾಕಿದ ನಿಯಮ ಬೇರೆ ಯಾವುದೋ ಮೊಬೈಲ್ ಕಡೆ ತೋರಿಸುತ್ತಿರುತ್ತದೆ. ಆಮೇಲೆ ಪೋರ್ಟ್ ಫಾರ್ವರ್ಡಿಂಗ್ ಪುಟದಲ್ಲಿ ಪೋರ್ಟ್ (ಬಾಗಿಲಿನ ನಂಬರ್ ಇದ್ದ ಹಾಗೆ) 25565, ಸಂಪರ್ಕದ ವಿಧ ಟಿಸಿಪಿ ಅಂತ ತುಂಬಿ ಸೇವ್ ಒತ್ತಿದರೆ ಮುಗಿಯಿತು. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಗೆ ಈ ಪೋರ್ಟ್. ಮೊಬೈಲಿನ ಬೆಡ್‌ರಾಕ್ ಆವೃತ್ತಿಗಾದರೆ 19132, ಯುಡಿಪಿ.

ಎಲ್ಲಾ ಸರಿಯಾಗಿ ತುಂಬಿದ್ದೆ. ಆದರೂ ಹುಡುಗ "ಬರ್ತಿಲ್ಲ ಮಾಮ" ಅನ್ನುತ್ತಲೇ ಇದ್ದ. ಮೂರು ವಾರ ಹಾಗೇ ಹೋಯಿತು.

ಮೊದಲ ತೊಡಕು, ಇಂಟರ್ನೆಟ್ ಕಂಪನಿಯವರು ಗೋಡೆಗೆ ಹಾಕಿದ್ದ ಫೈಬರ್ ಡಬ್ಬ. ಅದೂ ಒಂದು ರೂಟರೇ. ನನ್ನ ರೂಟರಿನ ವ್ಯಾನ್ ಐಪಿ, ಅಂದರೆ ಹೊರಗಿನ ಕಡೆಯ ವಿಳಾಸ ನೋಡಿದರೆ ಅದೂ ಮನೆಯೊಳಗಿನ ವಿಳಾಸದ ಹಾಗೆ 192.168ರಿಂದಲೇ ಶುರುವಾಗುತ್ತಿತ್ತು. ಅಂದರೆ ಎರಡು ಬಾಗಿಲು, ನಾನು ತೆಗೆದದ್ದು ಒಳಗಿನದ್ದನ್ನು ಮಾತ್ರ. ಕೇಬಲ್ ಹುಡುಗನಿಗೆ ಫೋನ್ ಮಾಡಿ ಡಬ್ಬವನ್ನು ಬ್ರಿಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನು ಹಾಗೇ ದಾಟಿಸುವುದು) ಹಾಕಿಸಿ, ಇಂಟರ್ನೆಟ್ ಲಾಗಿನ್‌ನ ಪಿಪಿಪಿಒಇ ಹೆಸರು, ಪಾಸ್‌ವರ್ಡ್ ಕೇಳಿಕೊಂಡು ನನ್ನ ರೂಟರಿಗೇ ತುಂಬಿದೆ.

ಈಗ ವ್ಯಾನ್ ಐಪಿ 100.72ರಿಂದ ಶುರುವಾಯಿತು. ಗೆದ್ದೆ ಅಂದುಕೊಂಡೆ. ಆದರೆ ಅದೂ ನಿಜವಾದ ಸಾರ್ವಜನಿಕ ವಿಳಾಸ ಅಲ್ಲ. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಇಂಟರ್ನೆಟ್ ಕಂಪನಿಗಳ ಒಳಬಳಕೆಗೆ ಅಂತಲೇ ಎತ್ತಿಟ್ಟಿದ್ದಾರೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಐಪಿವಿ4 ಅನ್ನುವ ಹಳೇ ವಿಳಾಸ ಪದ್ಧತಿಯಲ್ಲಿ ಒಟ್ಟು ಇರುವುದೇ ಸುಮಾರು 429 ಕೋಟಿ ವಿಳಾಸ. ಎಲ್ಲರಿಗೂ ಸಾಲದು, ಅದಕ್ಕೇ ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತಾರೆ. ನಮ್ಮ ಬೀದಿಯ ಪಿಜಿ ಇದ್ದ ಹಾಗೆ. ಕೊರಿಯರ್‌ನವನು ಪಿಜಿ ಬಾಗಿಲವರೆಗೆ ಬರುತ್ತಾನೆ. ಯಾರ ರೂಮಿಗೆ ಅಂತ ಕೆಳಗಿರುವವರಿಗೆ ಯಾರೂ ಹೇಳಿರದಿದ್ದರೆ ಪಾರ್ಸೆಲ್ ವಾಪಸ್. ನಾನು ಮೂರು ವಾರ ನನ್ನ ರೂಮಿನ ಬಾಗಿಲು ತೆಗೆದು ಕಾಯುತ್ತಿದ್ದೆ.

ನನಗೆ ಬೇಜಾರಾದದ್ದು ಇಲ್ಲಿ. ಕಸ್ಟಮರ್ ಕೇರ್‌ಗೆ ಐದು ಸಲ ಫೋನ್ ಮಾಡಿದೆ. ಐದು ಸಲವೂ "ರೂಟರ್ ಆಫ್ ಮಾಡಿ ಆನ್ ಮಾಡಿ ಸರ್" ಅಂದರು. ನಿಮ್ಮ ಕನೆಕ್ಷನ್ ಸಿಜಿನ್ಯಾಟ್ ಹಿಂದೆ ಇದೆ, ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳದೆ ಇದು ಆಗಲ್ಲ ಅಂತ ಮೊದಲ ದಿನವೇ ಒಂದು ಮಾತು ಹೇಳಿದ್ದರೆ ಅವತ್ತೇ ದುಡ್ಡು ಕಟ್ಟುತ್ತಿದ್ದೆ. ಅಕ್ಕನ ಮಗ ಮೂರು ಶನಿವಾರ ಕಾದು ಕಾದು ಮಲಗಿದ. ಅದು ನನಗೆ ಇನ್ನೂ ಮರೆತಿಲ್ಲ.

ಸ್ಟ್ಯಾಟಿಕ್ ಐಪಿ ಬಂದ ಸಂಜೆ ಮೊಬೈಲಿನ ವೈಫೈ ಆಫ್ ಮಾಡಿ, ಡೇಟಾದಿಂದ ಪರೀಕ್ಷೆ ಮಾಡಿದೆ. ಇದು ಮುಖ್ಯ. ಮನೆಯ ವೈಫೈನಲ್ಲೇ ಇದ್ದು ನಿಮ್ಮ ಹೊರಗಿನ ವಿಳಾಸಕ್ಕೆ ಹೋಗಲು ನೋಡಿದರೆ ಕೆಲವು ರೂಟರ್‌ಗಳು ಬಿಡುವುದಿಲ್ಲ, ಎಲ್ಲಾ ಸರಿ ಇದ್ದರೂ ತಪ್ಪು ಅನ್ನಿಸುತ್ತದೆ. ಪೋರ್ಟ್ ತೆರೆದಿತ್ತು. ಹಾಸನಕ್ಕೆ ಫೋನ್ ಮಾಡಿದೆ. "ಬಂದೆ ಮಾಮ, ಬಂದೆ!" ಅಂತ ಅವನು ಕಿರುಚಿದ್ದು ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಗೂ ಕೇಳಿಸಿತು.

ಅವತ್ತಿನಿಂದ ಐಪಿ ಒಂದು ಸಲವೂ ಬದಲಾಗಿಲ್ಲ. ತೊಂದರೆ ಬಂದದ್ದು ಒಂದೇ ಸಲ. ಕಳೆದ ವರ್ಷ ಮೇ ತಿಂಗಳ ಮಳೆಗೆ ಬೀದಿಯ ಗುಲ್‌ಮೊಹರ್ ಕೊಂಬೆ ಮುರಿದು ಫೈಬರ್ ಮೇಲೆ ಬಿತ್ತು. ರಿಪೇರಿಗೆ ಬಂದವರು ಡಬ್ಬವನ್ನೂ ಬದಲಿಸಿದರು, ಬ್ರಿಜ್ ಮೋಡ್ ಹೋಯಿತು. ಈ ಸಲ ಏನು ಕೇಳಬೇಕು ಅಂತ ನನಗೆ ಗೊತ್ತಿತ್ತು. ಕೇಬಲ್ ಹುಡುಗ ಮೆಟ್ಟಿಲು ಇಳಿಯುವ ಮೊದಲೇ ಸರಿ ಮಾಡಿಸಿಕೊಂಡೆ.

ಪೋರ್ಟ್ ತೆರೆದಿಟ್ಟರೆ ಗುರುತಿಲ್ಲದವರೂ ಬಾಗಿಲು ತಟ್ಟುತ್ತಾರೆ. ಮೊದಲ ವಾರದಲ್ಲೇ ಲಾಗ್‌ನಲ್ಲಿ ಎಲ್ಲೆಲ್ಲಿಯದೋ ವಿಳಾಸಗಳು ಕಂಡವು. ಅವತ್ತೇ ವೈಟ್‌ಲಿಸ್ಟ್ ಹಾಕಿದೆ, ನಮ್ಮ ಮೂರು ಹೆಸರು ಬಿಟ್ಟು ಬೇರೆಯವರಿಗೆ ಪ್ರವೇಶ ಇಲ್ಲ. ಯುಪಿಎನ್‌ಪಿ ಕೂಡ ಆಫ್ ಮಾಡಿದೆ. ಅದು ಆನ್ ಇದ್ದರೆ ಮನೆಯ ಯಾವ ಸಾಧನ ಬೇಕಾದರೂ ಕೇಳದೆ ಪೋರ್ಟ್ ತೆರೆದುಕೊಳ್ಳುತ್ತದೆ.

ಒಂದು ವಿಷಯ ಮಾತ್ರ ಸ್ಪಷ್ಟವಾಗಿ ಹೇಳುತ್ತೇನೆ. ಬೇರೆಯವರ ಸರ್ವರಿನಲ್ಲಿ ವ್ಯಾಲೊರೆಂಟ್, ಬಿಜಿಎಂಐ ಆಡುವವರು ಪಿಂಗ್ (ಸರ್ವರಿಗೆ ಹೋಗಿ ಬರಲು ಹಿಡಿಯುವ ಸಮಯ) ಕಡಿಮೆಯಾಗಲಿ ಅಂತ ಇದಕ್ಕೆ ದುಡ್ಡು ಹಾಕಬೇಡಿ. ಪೋರ್ಟ್ ಫಾರ್ವರ್ಡಿಂಗ್‌ನಿಂದ ಪಿಂಗ್ ಇಳಿಯುವುದಿಲ್ಲ. ಪಿಂಗ್ ಜಿಗಿಯುತ್ತಿದ್ದರೆ ರೂಟರಿನಿಂದ ಒಂದು ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆಯಿರಿ. ಓನರ್ ಆಂಟಿ ಗೋಡೆಗೆ ಮೊಳೆ ಬೇಡ ಅಂದರು, ನಾನು ಅಂಟಿಸುವ ಕ್ಲಿಪ್ ಹಾಕಿ ಬಾಗಿಲ ಚೌಕಟ್ಟಿನ ಪಕ್ಕದಲ್ಲೇ ಹದಿನೈದು ಮೀಟರ್ ತಂದೆ. ವೈಫೈ ಬಿಟ್ಟು ಅದಕ್ಕೆ ಬಂದ ಮೇಲೆ ಆಟ ಮಧ್ಯದಲ್ಲಿ ತಡೆದು ನಿಲ್ಲುವುದು ನಿಂತಿತು. ಗೇಮ್ ಕನ್ಸೋಲ್‌ನಲ್ಲಿ 'ನ್ಯಾಟ್ ಸ್ಟ್ರಿಕ್ಟ್' (ಹೊರಗಿನವರಿಗೆ ದಾರಿ ಬಂದ್) ಅಂತ ಬಂದು ಗೆಳೆಯರ ದನಿಯೇ ಕೇಳದಿದ್ದರೆ, ಅಥವಾ ನನ್ನ ಹಾಗೆ ಮನೆಯಲ್ಲೇ ಸರ್ವರ್ ನಡೆಸುವುದಾದರೆ, ಆಗ ಇದು ಬೇಕು.

ವರ್ಷಕ್ಕೆ 3,540 ರೂಪಾಯಿ. ನನ್ನ ಸಂಬಳಕ್ಕೆ ಅದು ಲೆಕ್ಕ ಹಾಕಿ ಕೊಡುವ ದುಡ್ಡೇ. ಹಾಸನಕ್ಕೆ ನಾನು ವರ್ಷಕ್ಕೆ ಎರಡು ಸಲ ಹೋದರೆ ಜಾಸ್ತಿ, ಧಾರವಾಡಕ್ಕೆ ಅದೂ ಇಲ್ಲ. ಕಳೆದ ಶನಿವಾರ ತಮ್ಮ ಆಟದೊಳಗೆ ನಮ್ಮ ಅಜ್ಜಿ ಮನೆ ಕಟ್ಟಲು ಶುರು ಮಾಡಿದ್ದಾನೆ, ಹಿತ್ತಲ ಬಾವಿ ಸಮೇತ. ಬಾವಿ ಎಡಕ್ಕಿತ್ತೋ ಬಲಕ್ಕಿತ್ತೋ ಅಂತ ಅಕ್ಕನನ್ನೂ ಫೋನಿಗೆ ಕರೆದು ಅರ್ಧ ಗಂಟೆ ಮಾತಾಡಿದೆವು. 25ನೇ ತಾರೀಖಿಗೆ ರಿನ್ಯೂವಲ್ ಇದೆ. ಈ ಸಲ ಇಡೀ ವರ್ಷದ್ದು ಒಟ್ಟಿಗೇ ಕಟ್ಟುತ್ತೇನೆ.