ನನ್ನ ಲಾಗ್‌ಬುಕ್‌ನಲ್ಲಿ ಇಲ್ಲದ ಬಿರುಗಾಳಿ

ನನ್ನ ಹೆಸರಿನಲ್ಲಿ ಅಚ್ಚಾಗಿರುವ ಪುಸ್ತಕದ 94ನೇ ಪುಟದಲ್ಲಿ ಅಟ್ಲಾಂಟಿಕ್ ಸಾಗರದ ನಟ್ಟನಡುವೆ ಬಿರುಗಾಳಿಯೊಂದು ಏಳುತ್ತದೆ. ಅಲೆಗಳು ಅರವತ್ತು ಅಡಿ ಏರುತ್ತವೆ, ಹಾಯಿಕಂಬ ಮುರಿದು ಬೀಳುತ್ತದೆ, ನಾನು ಶರಣಬಸವೇಶ್ವರರನ್ನು ನೆನೆದು ಕಣ್ಣು ಮುಚ್ಚುತ್ತೇನೆ, ಕಣ್ಣು ತೆರೆದಾಗ ಡಾಲ್ಫಿನ್‌ಗಳ ಹಿಂಡು ದಾರಿ ತೋರಿಸುತ್ತಿರುತ್ತದೆ. ಎಂಟು ಪುಟಗಳ ಈ ಪ್ರಸಂಗದಲ್ಲಿ ನಾನು ಬರೆದದ್ದು ಒಂದು ಸಾಲೂ ಇಲ್ಲ. ಅಂಥದ್ದೇನೂ ನಡೆದೂ ಇಲ್ಲ. ಮುರಿದ ಕಂಬ 102ನೇ ಪುಟದಲ್ಲಿ ಯಾರ ಸಹಾಯವೂ ಇಲ್ಲದೆ ಮತ್ತೆ ನೆಟ್ಟಗೆ ನಿಂತಿರುತ್ತದೆ ಎಂಬುದನ್ನು ಬರೆದವರೂ ಗಮನಿಸಿಲ್ಲ. ಅನುಭವ ಕಥನ ಬರೆದಿಟ್ಟುಕೊಂಡು ಪ್ರಕಾಶಕರನ್ನು ಹುಡುಕುತ್ತಿರುವವರು, ಅದರಲ್ಲೂ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಮೊದಲ ಪುಸ್ತಕ ತರಲು ಹೊರಟವರು, ನಾನು ಬಿದ್ದ ಹಳ್ಳಕ್ಕೆ ಬೀಳದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಪ್ರಕಾಶಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ತಪ್ಪಿನಲ್ಲಿ ನನ್ನ ಪಾಲು ಎಷ್ಟೆಂಬುದು ಮುಂದೆ ಓದಿದವರಿಗೆ ತಿಳಿಯುತ್ತದೆ.

ನಾನು ಆಳಂದ ತಾಲೂಕಿನವನು. ನಮ್ಮೂರಿನವರಿಗೆ ಸಮುದ್ರವೆಂದರೆ ರಾತ್ರಿಯೆಲ್ಲ ರೈಲಿನಲ್ಲಿ ಕುಳಿತು ಮುಂಬೈಗೆ ಹೋಗಿ ನೋಡಿ ಬರುವ ವಸ್ತು. ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಮೇಲೆ, ಅಷ್ಟು ವರ್ಷ ಎಣ್ಣೆ ವಾಸನೆಯಲ್ಲಿ ಕಳೆದ ನನಗೆ ಗಾಳಿಯಿಂದಲೇ ಸಾಗುವ ದೋಣಿಯ ಹುಚ್ಚು ಹಿಡಿಯಿತು. ಹಳೆಯ 28 ಅಡಿಯ ಹಾಯಿದೋಣಿಯೊಂದನ್ನು ಕೊಂಡು, 2016ರ ಡಿಸೆಂಬರ್‌ನಲ್ಲಿ ಆಫ್ರಿಕಾದ ವಾಯವ್ಯ ಕರಾವಳಿಯಾಚೆಯ ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್ ಬಂದರಿನಿಂದ ಒಬ್ಬನೇ ಹೊರಟು, 26 ದಿನಗಳ ಮೇಲೆ ಕೆರಿಬಿಯನ್ನಿನ ಸೇಂಟ್ ಲೂಸಿಯಾ ತಲುಪಿದೆ. ದೂರ ಸುಮಾರು 2,700 ನಾಟಿಕಲ್ ಮೈಲಿ, ಅಂದರೆ 5,000 ಕಿಲೋಮೀಟರ್. ಇದು ಸಾಹಸಗಳ ಸಾಲಿನಲ್ಲಿ ದೊಡ್ಡದೇನಲ್ಲ. ಪ್ರತಿ ಚಳಿಗಾಲದಲ್ಲೂ ನೂರಾರು ದೋಣಿಗಳು ಇದೇ ದಾರಿಯಲ್ಲಿ ಹೋಗುತ್ತವೆ, ಏಕೆಂದರೆ ಆ ತಿಂಗಳುಗಳಲ್ಲಿ ಈಶಾನ್ಯದ ವಾಣಿಜ್ಯ ಮಾರುತಗಳು ಹಿಂದಿನಿಂದ ಒಂದೇ ಸಮನೆ ತಳ್ಳುತ್ತವೆ. ಬೆಣ್ಣೆ ಕರಗುವ ತನಕ ದಕ್ಷಿಣಕ್ಕೆ ಹೋಗು, ಆಮೇಲೆ ಪಶ್ಚಿಮಕ್ಕೆ ತಿರುಗು ಎಂಬುದು ಹಳೆಯ ನಾವಿಕರ ಲೆಕ್ಕ. ನನ್ನ ಬಳಿ ಬೆಣ್ಣೆ ಇರಲಿಲ್ಲ. ಊರಿನಿಂದ ಕಟ್ಟಿಸಿಕೊಂಡು ಹೋದ ಕಟಕ ರೊಟ್ಟಿ ಮತ್ತು ಶೇಂಗಾ ಹಿಂಡಿ (ಚಟ್ನಿಪುಡಿ) ಇದ್ದವು. ಕೊನೆಯ ರೊಟ್ಟಿ ಮುರಿದದ್ದು ಇಪ್ಪತ್ತಮೂರನೆಯ ದಿನ.

ದೋಣಿಯಲ್ಲಿ ಒಬ್ಬನೇ ಇರುವವನಿಗೆ ಎಂಜಿನ್‌ಗಿಂತ ಮುಖ್ಯವಾದದ್ದು ಲಾಗ್‌ಬುಕ್. ನಾಲ್ಕು ತಾಸಿಗೊಮ್ಮೆ ಅಕ್ಷಾಂಶ, ರೇಖಾಂಶ, ಗಾಳಿಯ ದಿಕ್ಕು ಮತ್ತು ವೇಗ, ವಾಯುಭಾರ, ಯಾವ ಹಾಯಿ ಏರಿಸಿದೆ ಎಂಬುದನ್ನು ಅದರಲ್ಲಿ ಬರೆಯಬೇಕು. ಕ್ಷಿತಿಜದಲ್ಲಿ ಕಂಡ ಹಡಗು ಇಪ್ಪತ್ತು ನಿಮಿಷದಲ್ಲಿ ಮೈಮೇಲೆ ಬರಬಹುದಾದ್ದರಿಂದ ನಿದ್ದೆಯನ್ನೂ ಇಪ್ಪತ್ತು ನಿಮಿಷದ ತುಂಡುಗಳಲ್ಲಿಯೇ ಮಾಡಬೇಕಾಗುತ್ತದೆ, ಹೀಗೆ ತುಂಡಾದ ತಲೆಯಲ್ಲಿ ನೆನಪು ನಿಲ್ಲುವುದಿಲ್ಲ. ಹನ್ನೊಂದನೆಯ ದಿನದ ಪುಟದಲ್ಲಿ ಹಿಂಡಿಯ ಎಣ್ಣೆಯ ಹೆಬ್ಬೆರಳಿನ ಗುರುತಿನ ಪಕ್ಕದಲ್ಲಿ ಹೀಗಿದೆ: ‘ಗಾಳಿ ಈಶಾನ್ಯ, 14 ನಾಟ್. ವಾಯುಭಾರ 1016. ಮುಂಜಾನೆ ಡೆಕ್ ಮೇಲೆ ಹಾರುಮೀನು ಮೂರು. ರೊಟ್ಟಿಗೆ ಬೂಸ್ಟು ಬಂದಿಲ್ಲ.’ (ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, 14 ನಾಟ್ ಎಂದರೆ ಗಂಟೆಗೆ ಸುಮಾರು 26 ಕಿಲೋಮೀಟರ್; ವಾಯುಭಾರದ ಅಂಕಿ ಮಿಲಿಬಾರ್ ಲೆಕ್ಕದ್ದು.) ಆ ದಿನ ನಡೆದದ್ದು ಅಷ್ಟೇ. ಆ ‘ಅಷ್ಟೇ’ ಎಂಬುದನ್ನು ಇಟ್ಟುಕೊಂಡೇ ನಾನು ಒಂದು ಅಧ್ಯಾಯ ಬರೆದಿದ್ದೆ: ಏನೂ ನಡೆಯದ ದಿನದಲ್ಲಿ ಮನುಷ್ಯ ತನ್ನ ದನಿ ಕೇಳುವುದಕ್ಕಾಗಿಯೇ ರೊಟ್ಟಿ ಗಂಟಿನ ಜೊತೆ ಮಾತಾಡಲು ಶುರು ಮಾಡುವುದರ ಬಗ್ಗೆ.

ಹಸ್ತಪ್ರತಿಯನ್ನು ಕಲಬುರಗಿಯ ಪ್ರಕಾಶಕರೊಬ್ಬರು ಎರಡೇ ದಿನದಲ್ಲಿ ಓದಿ ಮೆಚ್ಚಿದರು. ಎರಡೇ ದಿನ ಎಂಬುದೇ ನನಗೆ ಅನುಮಾನ ತರಬೇಕಿತ್ತು. ಐನೂರು ಪ್ರತಿಗೆ ಎಂಬತ್ತೈದು ಸಾವಿರ ರೂಪಾಯಿ ನಾನು ಕೊಡಬೇಕು, ಗ್ರಂಥಾಲಯದ ಸಗಟು ಖರೀದಿಯಲ್ಲಿ ಹಣ ವಾಪಸು ಬಂದೇ ಬರುತ್ತದೆ ಎಂದರು. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆಂದು ಪ್ರತ್ಯೇಕವಾಗಿ ಆರು ಸಾವಿರ ತೆಗೆದುಕೊಂಡರು. ಐಎಸ್‌ಬಿಎನ್ ಸಂಖ್ಯೆಯನ್ನು ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಸ್ವತಃ ಪ್ರಕಟಿಸುವ ಲೇಖಕರೂ ಅರ್ಜಿ ಹಾಕಬಹುದು ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಆ ಹಣ ಹೋಯಿತು, ಅದರ ಬಗ್ಗೆ ಹೆಚ್ಚು ಹೇಳಲಾರೆ. ನಾನು ಮಾಡಿದ ನಿಜವಾದ ಮೂರ್ಖತನಗಳು ಬೇರೆಯವು. ಒಂದು ಪುಟದ ಕರಾರಿನಲ್ಲಿ ‘ಸಕಲ ಹಕ್ಕುಗಳೂ ಪ್ರಕಾಶಕರಿಗೆ ಸೇರತಕ್ಕದ್ದು, ಅಗತ್ಯ ತಿದ್ದುಪಡಿಗಳಿಗೆ ಲೇಖಕರ ಸಮ್ಮತಿ ಇದೆ’ ಎಂಬ ಸಾಲು ಇತ್ತು. ಚಹಾ ಬರುವಷ್ಟರಲ್ಲಿ ಸಹಿ ಹಾಕಿದ್ದೆ. ಚಿತ್ರ ತೆಗೆಯಲು ಬೇಕೆಂದಾಗ ಮೂಲ ಲಾಗ್‌ಬುಕ್ಕನ್ನೇ ರಸೀದಿ ಇಲ್ಲದೆ ಕೊಟ್ಟುಬಂದೆ. ಕರಡು ತಿದ್ದಲು ಮೂರು ಅಧ್ಯಾಯ ಬಂದಾಗ ತಿದ್ದಿ ಕಳಿಸಿದೆ. ಉಳಿದವು ಬರಲಿಲ್ಲ, ‘ಬಿಡುಗಡೆಯ ತಾರೀಖು ಹತ್ತಿರ ಬಂತು ಸರ್, ನಮ್ಮ ಹುಡುಗ ನೋಡಿದ್ದಾನೆ’ ಎಂದಾಗ ಸುಮ್ಮನಾದೆ. ತೊಗರಿ ರಾಶಿಯ ಕಾಲ, ಊರಿನಲ್ಲಿ ನನಗೂ ಕೆಲಸವಿತ್ತು.

ಅವರ ಹುಡುಗ ನೋಡಿದ್ದು ಹೌದು. ಹಾಯಿದೋಣಿಯ ಭಾಷೆಯಲ್ಲಿ ಶೀಟ್ ಎಂದರೆ ಹಾಯಿಯನ್ನು ಬಿಗಿಯುವ, ಸಡಿಲಿಸುವ ಹಗ್ಗ. ‘ಶೀಟ್ ಸಡಿಲಿಸಿದೆ’ ಎಂದು ನಾನು ಬರೆದದ್ದು ‘ಹೊದಿಕೆ ಸಡಿಲಿಸಿದೆ’ ಎಂದು ಅಚ್ಚಾಗಿ, ಗಾಳಿ ಜೋರಾದಾಗಲೆಲ್ಲ ನಾನು ಹೊದಿಕೆಯ ಗೊಡವೆಯಲ್ಲಿ ಬಿದ್ದವನಂತೆ ಕಾಣುತ್ತೇನೆ. ರೀಫ್ ಹಾಕುವುದೆಂದರೆ ಗಾಳಿ ಹೆಚ್ಚಾದಾಗ ಹಾಯಿಯ ಒಂದು ಭಾಗವನ್ನು ಮಡಚಿ ಕಟ್ಟಿ ಅದರ ವಿಸ್ತಾರ ಕಡಿಮೆ ಮಾಡುವುದು. ನನ್ನ ‘ಸಂಜೆ ಎರಡನೇ ರೀಫ್ ಹಾಕಿದೆ’ ಎಂಬುದು ‘ಸಂಜೆ ಎರಡನೇ ಹವಳದ ದಿಬ್ಬ ದಾಟಿದೆ’ ಎಂದಾಗಿದೆ, ಅದೂ ಕಿಲೋಮೀಟರ್‌ಗಟ್ಟಲೆ ಆಳವಿರುವ ನೀರಿನಲ್ಲಿ. ನಾಟಿಕಲ್ ಮೈಲಿಯನ್ನು 1.852ರಿಂದ ಗುಣಿಸದೆ ಹಾಗೆಯೇ ಕಿಲೋಮೀಟರ್ ಎಂದು ಬದಲಿಸಿದ್ದರಿಂದ ಅಟ್ಲಾಂಟಿಕ್ ಅರ್ಧದಷ್ಟು ಕಿರಿದಾಗಿದೆ. ಇವಕ್ಕೆಲ್ಲ ನಾನು ನಕ್ಕೆ. ಪದಕೋಶವೊಂದನ್ನು ಹಸ್ತಪ್ರತಿಯ ಕೊನೆಗೆ ಹಚ್ಚಿ ಕೊಡದಿದ್ದದ್ದು ನನ್ನದೇ ತಪ್ಪು ಎಂದುಕೊಂಡೆ.

ನಗು ನಿಂತದ್ದು ಬಿಡುಗಡೆಯ ದಿನ. ಶಾಲು, ಹಾರ, ನೂರೈವತ್ತು ಜನ, ನನ್ನ ತಾಯಿ ಮುಂದಿನ ಸಾಲಿನಲ್ಲಿ. ಹಿಂಬದಿ ರಕ್ಷಾಪುಟದಲ್ಲಿ ‘ಏಕಾಂಗಿಯಾಗಿ ಭೂಮಂಡಲ ಸುತ್ತಿದ ಮೊದಲಿಗ’ ಎಂದು ಅಚ್ಚು ಹಾಕಿದ್ದರು. ನಾನು ಒಂದು ಸಾಗರ ದಾಟಿದವನು. ಒಬ್ಬನೇ ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ಮೊದಲ ಭಾರತೀಯ ನೌಕಾಪಡೆಯ ದಿಲೀಪ್ ದೊಂಡೆ, 2009-10ರಲ್ಲಿ. ಎಲ್ಲಿಯೂ ನಿಲ್ಲದೆ ಸುತ್ತಿದ ಮೊದಲ ಭಾರತೀಯ ಅಭಿಲಾಷ್ ಟಾಮಿ, 2012-13ರಲ್ಲಿ. ಇಬ್ಬರೂ ಹೋದದ್ದು ಗೋವಾದಲ್ಲಿ ಕಟ್ಟಿದ ಮ್ಹಾದೇಯಿ ಎಂಬ ಒಂದೇ ದೋಣಿಯಲ್ಲಿ. ಅವರ ಹೆಸರುಗಳು ನನ್ನ ಪುಸ್ತಕದ ಒಳಗೇ ಬರುತ್ತವೆ, ಹಿಂಬದಿಯಲ್ಲಿ ನಾನು ಅವರನ್ನು ಹಿಂದೆ ಹಾಕಿದ್ದೇನೆ. ವೇದಿಕೆಯ ಮೇಲೆ ಮೈಕಿನಲ್ಲಿ ಇದು ತಪ್ಪು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಇಡೀ ಪ್ರಕರಣದಲ್ಲಿ ನನಗೆ ಇಂದಿಗೂ ನಾಚಿಕೆ ತರುವುದು ಈ ಮೌನವೇ.

ಮೂರು ವಾರದ ಮೇಲೆ ಮಂಗಳೂರಿನಿಂದ ನಿವೃತ್ತ ಹಡಗಿನ ಕ್ಯಾಪ್ಟನ್ ಒಬ್ಬರು ಫೋನ್ ಮಾಡಿದರು. ಸಭ್ಯರು, ಮೊದಲು ರೊಟ್ಟಿಯ ಅಧ್ಯಾಯವನ್ನು ಹೊಗಳಿದರು. ಆಮೇಲೆ ಕೇಳಿದರು: ‘95ನೇ ಪುಟದಲ್ಲಿ ಗಂಟೆಗೆ 140 ಕಿಲೋಮೀಟರ್ ಬಿರುಗಾಳಿ ಇದೆ. ಎದುರಿನ ಪುಟದಲ್ಲಿ ನಿಮ್ಮ ಲಾಗ್‌ಬುಕ್ಕಿನ ಚಿತ್ರ ಇದೆ. ಭೂತಗನ್ನಡಿ ಇಟ್ಟು ಓದಿದೆ, 14 ನಾಟ್, ವಾಯುಭಾರ 1016 ಎಂದಿದೆ. ಯಾವುದನ್ನು ನಂಬಲಿ?’ ಪ್ರಕಾಶಕರ ಹುಡುಗನಿಗೆ ಚಿತ್ರದಲ್ಲಿನ ಅಂಕಿ ಓದುವ ತಾಳ್ಮೆ ಇರಲಿಲ್ಲ. ಉಷ್ಣವಲಯದಲ್ಲಿ ವಾಯುಭಾರ ದಿನಕ್ಕೆರಡು ಬಾರಿ ಗಡಿಯಾರದಂತೆ ಏರಿಳಿಯುತ್ತದೆ. ಆ ಲಯ ಕೆಟ್ಟು ಮಾಮೂಲಿಗಿಂತ ನಾಲ್ಕೈದು ಅಂಕಿ ಕುಸಿದರೆ ಮಾತ್ರ ನಾವಿಕ ಹೆದರಬೇಕು. 1016 ತೋರಿಸುತ್ತಿರುವಾಗ ಅಂಥ ಗಾಳಿ ಬೀಸುವುದಿಲ್ಲ. ಮೇಲಾಗಿ ಅಟ್ಲಾಂಟಿಕ್‌ನಲ್ಲಿ ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್ ಕೊನೆಯವರೆಗೆ; ನಾನು ಹೋದದ್ದೇ ಅದು ಮುಗಿಯಲಿ ಎಂದು ಕಾದು, ಡಿಸೆಂಬರ್‌ನಲ್ಲಿ. ಕ್ಯಾಪ್ಟನ್ನರು ಕೊನೆಗೆ, ಒಳ್ಳೆಯ ಮನಸ್ಸಿನಿಂದಲೇ, ನಾನು ನಿಜವಾಗಿಯೂ ಆ ಪ್ರಯಾಣ ಮಾಡಿದ್ದೆನೇ ಎಂದು ಕೇಳಿದರು.

ಈ ಪ್ರಶ್ನೆ ಹೊಸದಲ್ಲ. 1968ರಲ್ಲಿ ನಿಲ್ಲದೆ ಒಬ್ಬರೇ ಭೂಮಿ ಸುತ್ತುವ ಮೊದಲ ಸ್ಪರ್ಧೆಯಲ್ಲಿ ಡೊನಾಲ್ಡ್ ಕ್ರೌಹರ್ಸ್ಟ್ ಎಂಬ ಇಂಗ್ಲಿಷ್ ನಾವಿಕ ಅಟ್ಲಾಂಟಿಕ್ ಬಿಟ್ಟು ಹೋಗದೆಯೇ ರೇಡಿಯೊದಲ್ಲಿ ಸುಳ್ಳು ವರದಿ ಕಳಿಸುತ್ತಿದ್ದ. 1969ರ ಜುಲೈನಲ್ಲಿ ಅವನ ದೋಣಿ ಖಾಲಿಯಾಗಿ ಸಿಕ್ಕಾಗ ನಿಜ ಹೊರಬಿದ್ದದ್ದು ಅದರಲ್ಲಿದ್ದ ಲಾಗ್‌ಬುಕ್‌ಗಳಿಂದ. ಅದೇ ಸ್ಪರ್ಧೆಯನ್ನು ಪೂರ್ತಿ ಮುಗಿಸಿದ ಒಬ್ಬನೇ ನಾವಿಕ ರಾಬಿನ್ ನಾಕ್ಸ್-ಜಾನ್ಸ್ಟನ್‌ನ ದೋಣಿ ನಮ್ಮ ಮುಂಬೈಯಲ್ಲಿ ತೇಗದಲ್ಲಿ ಕಟ್ಟಿದ್ದು ಎಂಬುದು ಬೇರೆ ಮಾತು. ಒಬ್ಬನೇ ಹೋದವನಿಗೆ ಸಾಕ್ಷಿ ಹೇಳುವವರಿಲ್ಲ. ಎಂಟು ಪುಟ ಸುಳ್ಳಾದರೆ ಉಳಿದ ನೂರರವತ್ತು ಪುಟಗಳನ್ನೂ ಯಾರೂ ನಂಬಬೇಕಾಗಿಲ್ಲ.

ಪ್ರಕಾಶಕರಲ್ಲಿಗೆ ಹೋದೆ. ‘ಏನೂ ನಡೆಯುವುದೇ ಇಲ್ಲವಲ್ಲ ಸರ್ ನಿಮ್ಮ ಕಥೆಯಲ್ಲಿ, ಓದುವವರಿಗೆ ಏನಾದರೂ ಬೇಡವೇ’ ಎಂದರು. ಅವರ ಪ್ರಕಾರ ಅದು ಉಪಕಾರ. ಕರಾರಿನ ಸಾಲನ್ನು ತೋರಿಸಿದರು. ಲಾಗ್‌ಬುಕ್ ಕೇಳಿದಾಗ ಕವರಿನಲ್ಲಿ ಹಾಕಿ ಕೊಟ್ಟರು: ಸ್ಕ್ಯಾನರ್ ಮೇಲೆ ಚಪ್ಪಟೆಯಾಗಿ ಕೂರಲೆಂದು ಬೆನ್ನಿನ ಹೊಲಿಗೆಯನ್ನು ಕತ್ತರಿಸಿದ್ದರು, ಬಿಡಿ ಹಾಳೆಗಳಲ್ಲಿ ಒಂಬತ್ತು ಇರಲಿಲ್ಲ. ಹನ್ನೊಂದನೆಯ ದಿನದ್ದು ಇತ್ತು, ಎಣ್ಣೆಯ ಗುರುತಿನ ಸಮೇತ.

ಕಲಬುರಗಿಯ ವಕೀಲರೊಬ್ಬರು ಆಮೇಲೆ ವಿವರಿಸಿದ್ದನ್ನು ಮೊದಲೇ ತಿಳಿದಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ವರ್ಗಾವಣೆಯ ಪತ್ರದಲ್ಲಿ ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ, ಎಷ್ಟು ಗೌರವಧನ ಎಂಬುದು ಇರಬೇಕು. ಅವಧಿ ಬರೆಯದಿದ್ದರೆ ಅದು ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ‘ಸಕಲ ಹಕ್ಕು’ ಎಂದು ಬರೆದವರು ಶಾಶ್ವತವಾಗಿ ಬರೆಸಿಕೊಂಡೆವು ಎಂದುಕೊಂಡರೂ ಕಾಯ್ದೆ ಹಾಗೆ ಹೇಳುವುದಿಲ್ಲ. 57ನೇ ಕಲಮಿನಲ್ಲಿ ಇನ್ನೂ ದೊಡ್ಡದು ಇದೆ: ಹಕ್ಕನ್ನು ಮಾರಿದ ಮೇಲೂ, ಕೃತಿಯನ್ನು ತನ್ನ ಹೆಸರಿಗೆ ಕುಂದು ಬರುವಂತೆ ತಿರುಚಿದರೆ ತಡೆಯಲು, ಪರಿಹಾರ ಕೇಳಲು ಲೇಖಕನಿಗೆ ಅಧಿಕಾರ ಇರುತ್ತದೆ. ಆದರೆ ತಿದ್ದುಪಡಿಗೆ ನಾನೇ ಸಮ್ಮತಿಸಿದ್ದೇನೆ ಎಂಬ ಸಾಲಿಗೆ ಎದುರಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾಗುತ್ತದೆ ಎಂದರು. ಆದ್ದರಿಂದ ಆ ಸಾಲನ್ನು ಸಹಿಗೆ ಮೊದಲೇ ಹೊಡೆದುಹಾಕಿಸಿ; ಅದರ ಬದಲು, ಲೇಖಕರು ಪ್ರತಿ ಪುಟಕ್ಕೂ ಸಹಿ ಹಾಕಿದ ಅಂತಿಮ ಕರಡು ಮಾತ್ರ ಅಚ್ಚಿಗೆ ಹೋಗತಕ್ಕದ್ದು ಎಂದು ಬರೆಸಿ. ರಕ್ಷಾಪುಟವೂ ಆ ಕರಡಿನಲ್ಲಿ ಸೇರಿರಲಿ. ದಿನಚರಿಯಾಗಲಿ, ಪತ್ರವಾಗಲಿ, ಲಾಗ್‌ಬುಕ್ಕಾಗಲಿ, ಮೂಲವನ್ನು ಮನೆಯಿಂದ ಹೊರಗೆ ಕಳಿಸಲೇ ಬೇಡಿ. ಚಿತ್ರ ಬೇಕೆಂದವರು ನಿಮ್ಮ ಮನೆಗೆ ಬಂದು ತೆಗೆದುಕೊಳ್ಳಲಿ. ‘ಬಿಡುಗಡೆಯ ತಾರೀಖು ಹತ್ತಿರ ಬಂತು’ ಎಂಬ ಮಾತು ಕೇಳಿಬಂದರೆ ಹಾರದ ಹೂವಿಗೆ ಕೊಟ್ಟ ಮುಂಗಡ ಹೋದರೂ ಹೋಗಲಿ, ತಾರೀಖನ್ನು ಮುಂದಕ್ಕೆ ಹಾಕಿಸಿ.

ನಾನು ಕೋರ್ಟಿಗೆ ಹೋಗಲಿಲ್ಲ. ಉಳಿದಿದ್ದ 312 ಪ್ರತಿಗಳನ್ನು ಹಣ ಕೊಟ್ಟು ತಂದೆ. ಅವು ಈಗ ಮನೆಯಲ್ಲಿ ತೊಗರಿ ಚೀಲಗಳ ಪಕ್ಕದಲ್ಲಿವೆ. ಪ್ರತಿ ಸಂಜೆ ಹತ್ತಿಪ್ಪತ್ತು ಪ್ರತಿಗಳಿಗೆ ತಪ್ಪೊಪ್ಪಿನ ಚೀಟಿ ಅಂಟಿಸುತ್ತೇನೆ, ತಾಯಿ ಗೋಂದು ಹಚ್ಚಿ ಕೊಡುತ್ತಾರೆ. ಮೊದಲೇ ಹೊರಗೆ ಹೋದ 188 ಪ್ರತಿಗಳಲ್ಲಿ ಒಂದು ನಿಮ್ಮ ಕೈಗೆ ಬಂದಿದ್ದರೆ 94ರಿಂದ 101ರವರೆಗಿನ ಪುಟಗಳನ್ನು ಬಿಟ್ಟು ಓದಿ. ಆ ದಿನ ಗಾಳಿ 14 ನಾಟ್ ಇತ್ತು, ಡೆಕ್ ಮೇಲೆ ಮೂರು ಹಾರುಮೀನು ಬಿದ್ದಿದ್ದವು.