ಬಾನ್‌ನಿಂದ ಫ್ರಾಂಕ್‌ಫರ್ಟ್‌ಗೆ: ವೇಗದ ರೈಲು, ಬಸ್ಸು ಮತ್ತು ನಾನು ಮರಳಿ ಹಿಡಿದ ನಿಧಾನದ ರೈಲು

ಜರ್ಮನಿಯ ಬಾನ್ ನಗರದಲ್ಲಿ ಓದುತ್ತಿರುವ ನಾನು ತಿಂಗಳಿಗೆ ಒಮ್ಮೆಯಾದರೂ ಫ್ರಾಂಕ್‌ಫರ್ಟ್‌ಗೆ ಹೋಗಿಬರುತ್ತೇನೆ. ಅಕ್ಕನ ಮನೆ ಅಲ್ಲಿದೆ. ನಾವಿರುವ ರಾಜ್ಯದ ಭಾರತೀಯರು ಪಾಸ್‌ಪೋರ್ಟ್ ಕೆಲಸಕ್ಕೆ ಹೋಗಬೇಕಾದ ಕಾನ್ಸುಲೇಟ್ ಕೂಡ ಅಲ್ಲಿಯೇ ಇದೆ. ಈ ದಾರಿಯಲ್ಲಿ ವೇಗದ ರೈಲು, ದೂರದೂರಿನ ಬಸ್ಸು, ರೈನ್ ನದಿಯ ದಂಡೆಯ ಪ್ರಾದೇಶಿಕ ರೈಲು, ಮೂರರಲ್ಲೂ ಸಾಕಷ್ಟು ಸಲ ಓಡಾಡಿದ್ದೇನೆ. ನನ್ನ ಒಲವು ಪ್ರಾದೇಶಿಕ ರೈಲಿನ ಕಡೆಗೆ ಎಂಬುದನ್ನು ಮುಚ್ಚಿಡುವುದಿಲ್ಲ. ಆ ಒಲವು ಗಟ್ಟಿಯಾದದ್ದು ವೇಗದ ರೈಲಿನ ಅಗ್ಗದ ಟಿಕೆಟ್ ಕೊಂಡು ಕೈಸುಟ್ಟುಕೊಂಡ ಒಂದು ಬೆಳಗ್ಗೆ.

ಅಂದು ಕಾನ್ಸುಲೇಟ್‌ನಲ್ಲಿ ನನಗೆ ಹನ್ನೊಂದು ಗಂಟೆಗೆ ಸಮಯ ಕೊಟ್ಟಿದ್ದರು. ಮೂರು ವಾರ ಮೊದಲೇ 17 ಯೂರೊ 99 ಸೆಂಟ್‌ಗೆ ಟಿಕೆಟ್ ಸಿಕ್ಕಿತ್ತು. ಹೊರಡುವ ನಿಲ್ದಾಣದ ಹೆಸರು ಜೀಗ್‌ಬುರ್ಗ್/ಬಾನ್. ಆ ಓರೆಗೆರೆಯ ಬಲಗಡೆ ಬಾನ್ ಎಂದಿದ್ದರೂ ನಿಲ್ದಾಣವಿರುವುದು ಬಾನ್‌ನಲ್ಲಲ್ಲ; ರೈನ್ ನದಿ ದಾಟಿ, ಸಾಂಕ್ಟ್ ಆಗಸ್ಟಿನ್ ಪಟ್ಟಣವನ್ನು ಹಾದು, ಜೀಗ್‌ಬುರ್ಗ್ ಎಂಬ ಇನ್ನೊಂದು ಊರಿನಲ್ಲಿ. ಕೊಲೋನ್ ಮತ್ತು ಫ್ರಾಂಕ್‌ಫರ್ಟ್ ನಡುವೆ 2002ರಲ್ಲಿ ತೆರೆದ ವೇಗದ ಮಾರ್ಗವು ನದಿಯನ್ನು ಬಿಟ್ಟು ಗುಡ್ಡಗಳ ಮೇಲೆ, ಹೆದ್ದಾರಿಯ ಪಕ್ಕದಲ್ಲಿ, ಸುರಂಗಗಳ ಮೂಲಕ ಸಾಗುವುದರಿಂದ ಬಾನ್ ನಗರ ಅದರ ದಾರಿಗೆ ಸಿಗುವುದಿಲ್ಲ. ಬಾನ್‌ನ ಮುಖ್ಯ ನಿಲ್ದಾಣದಿಂದ ಅಲ್ಲಿಗೆ 66ನೇ ಸಂಖ್ಯೆಯ ಟ್ರಾಮ್ ಇದೆ. ಇಪ್ಪತ್ತೈದು ನಿಮಿಷದ ಹಾದಿ ಎಂದುಕೊಂಡು, ಹತ್ತು ನಿಮಿಷ ಹೆಚ್ಚಿಗೆ ಇಟ್ಟುಕೊಂಡು ಹೊರಟಿದ್ದೆ.

ಟ್ರಾಮ್ ಕೆನಡಿ ಸೇತುವೆಯ ನಡುವೆ ನಿಂತಿತು. ಮುಂದೆ ಹಳಿಯ ಬಳಿ ಎರಡು ಕಾರುಗಳು ಡಿಕ್ಕಿಯಾಗಿವೆ, ತೆರವಾಗುವವರೆಗೆ ಕಾಯಬೇಕು ಎಂದು ಚಾಲಕ ಪ್ರಕಟಿಸಿದರು. ಸೇತುವೆಯ ಮೇಲೆ ಇಳಿಯಲು ಬಿಡುವಂತಿರಲಿಲ್ಲ. ಕೆಳಗೆ ಕಲ್ಲಿದ್ದಲು ತುಂಬಿದ ಉದ್ದನೆಯ ದೋಣಿಯೊಂದು ಪ್ರವಾಹಕ್ಕೆ ಎದುರಾಗಿ ಆಮೆಗತಿಯಲ್ಲಿ ತೆವಳುತ್ತಿತ್ತು. ಅದು ಸೇತುವೆಯನ್ನು ಪೂರ್ತಿ ದಾಟಿ ಹೋದದ್ದನ್ನು ನಾನು ಟ್ರಾಮಿನೊಳಗಿಂದಲೇ ನೋಡಿದೆ. ಪಾಸ್‌ಪೋರ್ಟ್ ಕಾಗದಗಳ ಕಡತವನ್ನು ಎದೆಗೊತ್ತಿಕೊಂಡು ಮೊಬೈಲ್‌ನಲ್ಲಿ ರೈಲಿನ ಸ್ಥಿತಿ ನೋಡಿದರೆ, ಎಂದೂ ಇಲ್ಲದಂತೆ ಅಂದು ಅದು ಸರಿಯಾದ ಸಮಯಕ್ಕೆ ಬರುತ್ತಿತ್ತು.

ನಾನು ನಿಲ್ದಾಣ ತಲುಪುವ ಹೊತ್ತಿಗೆ ರೈಲು ಹೋಗಿ ಒಂಬತ್ತು ನಿಮಿಷವಾಗಿತ್ತು. ಅಗ್ಗದ ಟಿಕೆಟ್ ಒಂದೇ ಒಂದು ನಿರ್ದಿಷ್ಟ ರೈಲಿಗೆ ಕಟ್ಟುಬಿದ್ದಿರುತ್ತದೆ, ರದ್ದು ಮಾಡಿದರೆ ಹಣ ಮರಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ತಲುಪುವುದು ಇಪ್ಪತ್ತು ನಿಮಿಷಕ್ಕಿಂತ ತಡವಾಗುವಂತಿದ್ದರೆ ಆ ಕಟ್ಟು ಸಡಿಲವಾಗುತ್ತದೆ, ಬೇರೆ ರೈಲು ಹತ್ತಬಹುದು ಎಂಬುದೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಇಷ್ಟೇ: ತಡವಾದ ವಾಹನವೂ ಅದೇ ಟಿಕೆಟ್‌ನಲ್ಲಿ ಸೇರಿದ್ದರೆ ಮಾತ್ರ ಈ ಸವಲತ್ತು. ನಾನು ಟ್ರಾಮಿನಲ್ಲಿ ಬಂದದ್ದು ಸೆಮಿಸ್ಟರ್ ಶುಲ್ಕದೊಂದಿಗೆ ಸಿಗುವ ವಿದ್ಯಾರ್ಥಿ ಪಾಸ್, ಅಂದರೆ ಸೆಮಿಸ್ಟರ್ ಟಿಕೆಟ್ ಮೇಲೆ, ರೈಲಿನ ಟಿಕೆಟ್ ಆರಂಭವಾಗುವುದು ಜೀಗ್‌ಬುರ್ಗ್‌ನಿಂದ. ಹಾಗಾಗಿ ಕಾನೂನಿನ ಕಣ್ಣಿನಲ್ಲಿ ನಾನು ಮನೆಯಿಂದ ನಡೆದು ಬಂದು ತಡಮಾಡಿಕೊಂಡವರಿಗೆ ಸಮ. ಟಿಕೆಟ್ ಕಿಟಕಿಯಲ್ಲಿದ್ದ ಮಹಿಳೆ ಇದನ್ನು ಎರಡು ಸಲ, ಎರಡನೆಯ ಸಲ ಇನ್ನೂ ನಿಧಾನವಾಗಿ, ವಿವರಿಸಿದರು. ನಿಯಮದಲ್ಲಿ ಅನ್ಯಾಯವೇನೂ ಇಲ್ಲ ಎಂದು ಈಗ ಒಪ್ಪುತ್ತೇನೆ. ಅಂದು ಒಪ್ಪುವ ಮನಃಸ್ಥಿತಿ ಇರಲಿಲ್ಲ. ಮುಂದಿನ ರೈಲಿಗೆ ಪೂರ್ಣ ದರದ ಟಿಕೆಟ್ ಕೊಂಡೆ. ಅದು ಮೊದಲಿನದರ ಮೂರು ಪಟ್ಟನ್ನು ಮೀರಿತ್ತು. ಹನ್ನೊಂದಕ್ಕೆ ಮುಂಚೆ ತಲುಪಿದೆನೆಂಬುದಷ್ಟೇ ಸಮಾಧಾನ.

ರೈಲಿನೊಳಗಿನ ಅನುಭವದ ಬಗ್ಗೆ ದೂರಿಲ್ಲ. ಗಂಟೆಗೆ 300 ಕಿಲೋಮೀಟರ್ ವೇಗದಲ್ಲೂ ಮಡಿಲಲ್ಲಿಟ್ಟ ಕಾಫಿ ತುಳುಕುವುದಿಲ್ಲ, ಒಂದು ಗಂಟೆಯೊಳಗೆ ಫ್ರಾಂಕ್‌ಫರ್ಟ್ ಬಂದುಬಿಡುತ್ತದೆ. ಕಿಟಕಿಯಾಚೆ ನೋಡಲು ಮಾತ್ರ ಸುರಂಗದ ಕತ್ತಲೆ, ಶಬ್ದತಡೆಯ ಗೋಡೆ ಮತ್ತು ಹೆದ್ದಾರಿಯ ಲಾರಿಗಳು.

ಬಸ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 2013ರಲ್ಲಿ ದೂರದೂರಿನ ಬಸ್ಸುಗಳ ಮೇಲಿನ ನಿರ್ಬಂಧ ಸಡಿಲವಾದ ಮೇಲೆ ವಿದ್ಯಾರ್ಥಿಗಳಿಗೆ ಅದೇ ಆಧಾರವಾಗಿತ್ತು ಎಂದು ಹಿರಿಯ ಸಹಪಾಠಿಗಳು ಹೇಳುತ್ತಾರೆ, ದೊಡ್ಡ ಪೆಟ್ಟಿಗೆಗಳಿದ್ದಾಗ ಇಂದಿಗೂ ಅದು ವಾಸಿ. ಆದರೆ ಶುಕ್ರವಾರ ಸಂಜೆಯ ಹೆದ್ದಾರಿಯನ್ನು ಯಾವ ವೇಳಾಪಟ್ಟಿಯೂ ಗೆಲ್ಲಲಾರದು. ಲಿಂಬುರ್ಗ್ ಬಳಿಯ ಸೇತುವೆಯ ಮೇಲೆ ವಾಹನಗಳ ಸಾಲಿನಲ್ಲಿ ಸಿಕ್ಕಿಬಿದ್ದು, ಗುಡ್ಡದ ಮೇಲಿನ ಕೆಥೆಡ್ರಲ್‌ನ ಏಳು ಗೋಪುರಗಳನ್ನು ಎಣಿಸಿ ಮುಗಿಸಿದ ಮೇಲೂ ಬಸ್ಸು ಅಲ್ಲೇ ಇತ್ತು. ಜೊತೆಗೆ, ಬಸ್ಸಿನಲ್ಲಿ ಪುಸ್ತಕ ಹಿಡಿದರೆ ನನಗೆ ಹೊಟ್ಟೆ ತೊಳಸುತ್ತದೆ.

ಇನ್ನು ನನ್ನ ನಿಧಾನದ ರೈಲು. 2023ರ ಮೇ 1ರಂದು ತಿಂಗಳಿಗೆ 49 ಯೂರೊ ಬೆಲೆಗೆ ಆರಂಭವಾದ ಡಾಯ್ಚ್‌ಲಾಂಡ್ ಟಿಕೆಟ್ ಇಡೀ ದೇಶದ ಪ್ರಾದೇಶಿಕ ರೈಲು, ಟ್ರಾಮ್, ನಗರ ಬಸ್ಸುಗಳಿಗೆ ಸಲ್ಲುತ್ತದೆ. ವಿದ್ಯಾರ್ಥಿಗಳಿಗೆ 2024ರ ಬೇಸಿಗೆ ಸೆಮಿಸ್ಟರ್‌ನಿಂದ ಅದು ಶೇಕಡಾ 60ರ ಬೆಲೆಗೆ, ಅಂದರೆ ಆಗ ತಿಂಗಳಿಗೆ 29 ಯೂರೊ 40 ಸೆಂಟ್‌ಗೆ, ಸೆಮಿಸ್ಟರ್ ಶುಲ್ಕದೊಳಗೇ ಬಂದಿತು. ಮೂಲ ಬೆಲೆ 2025ರಲ್ಲಿ 58 ಯೂರೊಗೆ, 2026ರಲ್ಲಿ 63 ಯೂರೊಗೆ ಏರಿದೆ. ಆದರೂ ನಗರದೊಳಗಿನ ಓಡಾಟಕ್ಕೆ ಹೇಗೂ ಕೊಟ್ಟ ಹಣ ಅದು; ಫ್ರಾಂಕ್‌ಫರ್ಟ್ ಪ್ರಯಾಣಕ್ಕೆಂದು ಜೇಬಿನಿಂದ ಬೇರೆ ಒಂದು ಸೆಂಟ್ ಕೂಡ ಹೋಗುವುದಿಲ್ಲ. ಯಾವ ರೈಲಿಗೂ ಕಟ್ಟುಬೀಳದಿರುವುದು ನನಗೆ ಹಣಕ್ಕಿಂತ ದೊಡ್ಡ ಲಾಭ, ಏಕೆಂದರೆ ಹೊರಡುವ ದಿನ ಬಟ್ಟೆ ಒಗೆಯಲು ಹಾಕಿ ತಡಮಾಡಿಕೊಳ್ಳುವ ಜಾಯಮಾನ ನನ್ನದು.

ಪ್ರಯಾಣ ಸುಮಾರು ಮೂರು ಗಂಟೆಯದು. ಕೋಬ್ಲೆನ್ಸ್‌ನಲ್ಲಿ ಒಮ್ಮೆ ಇಳಿದು ಹತ್ತಬೇಕು. ಸಮಯ ನೋಡಿಕೊಂಡರೆ ಅಲ್ಲಿಂದ ನೇರ ರೈಲು ಸಿಗುತ್ತದೆ, ಇಲ್ಲದಿದ್ದರೆ ಮೈಂತ್ಸ್‌ನಲ್ಲಿ ಮತ್ತೊಮ್ಮೆ ಬದಲಿಸಬೇಕು. ಹೋಗುವಾಗ ಎಡಗಡೆಯ ಕಿಟಕಿಯನ್ನೇ ಹಿಡಿಯಬೇಕು, ನದಿ ಇರುವುದು ಆ ಬದಿಗೆ. ಕೋಬ್ಲೆನ್ಸ್‌ನಿಂದ ಮುಂದಿನ ಸುಮಾರು 65 ಕಿಲೋಮೀಟರ್ ಕಣಿವೆಯನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು, ವಿಚಿತ್ರವೆಂದರೆ, ವೇಗದ ಮಾರ್ಗ ತೆರೆದ ಅದೇ 2002ರಲ್ಲಿ. ಬೊಪ್ಪಾರ್ಡ್ ಬಳಿ ನದಿ ತಿರುಗಿದಂತೆಲ್ಲ ರೈಲೂ ತಿರುಗುತ್ತದೆ, ಆಚೆ ದಡದಲ್ಲಿ ಲೊರೆಲೈ ಬಂಡೆ ಎದ್ದುನಿಲ್ಲುತ್ತದೆ, ಓಬರ್‌ವೇಜೆಲ್ ದಾಟಿದ ಮೇಲೆ ನದಿಯ ನಡುಗಡ್ಡೆಯಲ್ಲಿ, ಲಂಗರು ಹಾಕಿದ ಹಡಗಿನಂತೆ, ಹಳೆಯ ಸುಂಕದ ಕೋಟೆಯೊಂದು ಕಾಣುತ್ತದೆ. ಮೊದಲ ನಾಲ್ಕೈದು ಸಲ ಫೋಟೊ ತೆಗೆದೆ. ಈಗ ಆ ಕೋಟೆ ಕಂಡಾಗ ಮೈಂತ್ಸ್‌ಗೆ ಇನ್ನೂ ಎಷ್ಟು ಹೊತ್ತಿದೆ ಎಂದು ಲೆಕ್ಕಹಾಕುತ್ತೇನೆ. ಕಣಿವೆಯ ತಿರುವುಗಳಲ್ಲಿ ಮೊಬೈಲ್ ಸಂಪರ್ಕ ಕೈಕೊಡುತ್ತದೆ, ಹಾಗಾಗಿ ನನ್ನ ಸೆಮಿನಾರ್ ಓದು ಅತಿ ಹೆಚ್ಚು ಮುಗಿಯುವುದೂ ಅಲ್ಲಿಯೇ.

ಕುಂದುಗಳು ಇಲ್ಲವೆಂದಲ್ಲ. ಬೇಸಿಗೆಯ ಭಾನುವಾರಗಳಲ್ಲಿ ಸೈಕಲ್ ಹಿಡಿದವರ ನಡುವೆ ನಿಂತೇ ಸಾಗಬೇಕು. ತಪ್ಪಿದ ಸಂಪರ್ಕ ರೈಲಿಗಾಗಿ ಕೋಬ್ಲೆನ್ಸ್‌ನಲ್ಲಿ ಕಾಯುವಾಗ ಅದೇ ಊರಿಗೆ ಹೋಗುವ ವೇಗದ ರೈಲು ಎದುರಿಗೆ ಬಂದು ನಿಂತರೂ ಈ ಟಿಕೆಟ್‌ನಲ್ಲಿ ಹತ್ತುವಂತಿಲ್ಲ. ಒಂದು ಗಂಟೆಗೂ ಹೆಚ್ಚು ತಡವಾದರೆ ಒಂದೂವರೆ ಯೂರೊ ಪರಿಹಾರವಿದೆ. ನಾಲ್ಕು ಯೂರೊಗಿಂತ ಕಡಿಮೆ ಮೊತ್ತವನ್ನು ಪಾವತಿಸುವುದಿಲ್ಲವಾದ್ದರಿಂದ ಮೂರು ತಡಗಳನ್ನು ಕೂಡಿಸಿಟ್ಟುಕೊಂಡು ಅರ್ಜಿ ಹಾಕಬೇಕು. ನನ್ನ ಬಳಿ ಸದ್ಯ ಎರಡಿವೆ.

ಹಾಗಾದರೆ ವೇಗದ ರೈಲನ್ನು ಪೂರ್ತಿ ಬಿಟ್ಟಿದ್ದೇನೆಯೇ ಎಂದರೆ, ವಿಮಾನ ಹಿಡಿಯುವ ದಿನ ಬಿಟ್ಟಿಲ್ಲ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದೊಳಗೇ ಅದು ಇಳಿಸುತ್ತದೆ. ಆದರೆ ಅಂಥ ದಿನ ಸೇತುವೆಯ ನೆನಪಿನಿಂದ ಒಂದು ಗಂಟೆ ಮೊದಲೇ ಜೀಗ್‌ಬುರ್ಗ್‌ನಲ್ಲಿರುತ್ತೇನೆ. ಆ ಗಂಟೆಯನ್ನೂ ಟ್ರಾಮಿನ ಹೊತ್ತನ್ನೂ ಕೂಡಿದರೆ ಮೂರು ಗಂಟೆಯ ನಿಧಾನದ ರೈಲಿಗಿಂತ ನನಗೆ ಉಳಿಯುವುದು ಅರ್ಧ ಗಂಟೆ ಅಥವಾ ಸ್ವಲ್ಪ ಹೆಚ್ಚು, ಅದಕ್ಕೆ ಕೊಡುವುದು ಸುಮಾರು 18 ಯೂರೊ. ಅಕ್ಕನ ಮನೆಯಲ್ಲಿ ಆ ಅರ್ಧ ಗಂಟೆಗೆ ಯಾರೂ ಕಾದಿರುವುದಿಲ್ಲ, ಆದ್ದರಿಂದ ಬರುವ ಶನಿವಾರ ನಾನು ಎಡಗಡೆಯ ಕಿಟಕಿಯಲ್ಲೇ ಇರುತ್ತೇನೆ.